ನಾಗನ ಸಿನಿಮಾ ತೋರಿಸಿದ ಶೈಲಾ ಟೀಚರ್

ಮುಂಬಯಿಯ ವಿಕ್ರೋಳಿಯಲ್ಲಿ ನಮ್ಮ ಬಿಲ್ಡಿಂಗಿನ ಹಿಂದಿನ ಕನ್ನಡ ಶಾಲೆಯಲ್ಲಿ ಶೈಲಾ ಟೀಚರ್ ಎಂದರೆ ಮಕ್ಕಳಿಗೆ ಪ್ರಾಣ. ಅವರು ಹುಟ್ಟಿದ್ದು ಇಲ್ಲಿಯೇ, ಕಟ್ಟುತ್ತಿದ್ದ ಕಟ್ಟಡವೊಂದರ ಪಕ್ಕದ ತಗಡಿನ ಶೆಡ್ಡಿನಲ್ಲಿ. ತಂದೆ ಧರ್ಮಣ್ಣ, ತಾಯಿ ಮಲ್ಲಕ್ಕ ವಿಜಯಪುರದ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ಮಲ್ಲಕ್ಕ ಬುಟ್ಟಿ ಹೊತ್ತು ಏಣಿ ಹತ್ತುವಾಗ ಈ ಹುಡುಗಿ ಕೆಳಗೆ ಮರಳಿನ ರಾಶಿಯಲ್ಲಿ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನು ಎರಡನೆಯ ಕ್ಲಾಸಿಗೇ ಶಾಲೆ ಬಿಟ್ಟವಳು. ಅವಳ ಅಕ್ಷರ ಆಗಲೇ ನನ್ನದಕ್ಕಿಂತ ದುಂಡಗಿತ್ತು. ಅದೇ ಶಾಲೆಯಲ್ಲಿ ಕಲಿತು, ಅದೇ ಶಾಲೆಗೆ ಟೀಚರ್ ಆಗಿ ಬಂದಳು. ಅಂದಿನಿಂದ ನನಗೂ ಅವಳು ‘ಅವರು’ ಆದರು.

ಈಗ ಆ ಶಾಲೆಗೆ ಮಕ್ಕಳೇ ಸಿಗುವುದಿಲ್ಲ. ನನ್ನ ಮೊಮ್ಮಗಳು ಯಕ್ಷಿತಾಳ ಐದನೆಯ ಕ್ಲಾಸಿನಲ್ಲಿ ಇರುವವರು ಒಂದು ಹಿಡಿ. ಅವರಲ್ಲಿ ಅರ್ಧ ನಮ್ಮ ಊರು ಕಾರ್ಕಳದ ಕಡೆಯ ಹೋಟೆಲಿನವರ ಮಕ್ಕಳು, ಉಳಿದವರು ಗಾರೆಯವರ ಮಕ್ಕಳು. ಸೋಮವಾರ ದೊಡ್ಡ ಸಾಹೇಬರು ತಪಾಸಣೆಗೆ ಬರುತ್ತಾರೆ, ಬೆಂಚು ಖಾಲಿ ಕಂಡರೆ ಕ್ಲಾಸು ಮುಚ್ಚಿ ಮಕ್ಕಳನ್ನು ಹಿಂದಿ ಶಾಲೆಗೆ ಸೇರಿಸುತ್ತಾರೆ ಎಂದು ಹೆಡ್‌ಮಾಸ್ಟರ್ ಕಾಶಿನಾಥರು ಹೇಳಿಬಿಟ್ಟಿದ್ದರು.

ಮಕ್ಕಳು ಪುಸ್ತಕ ಹಿಡಿದು ಕೂರುವುದಿಲ್ಲವೆಂದು ಟೀಚರ್ ಒಂದು ಸಿನಿಮಾ ತಂದರು. ಅಣೆಕಟ್ಟಿನ ನೀರಿನಿಂದ ಎದ್ದು ಬರುವ ದೈತ್ಯ ಹಾವಿನ ಕಥೆ. ದಿನಕ್ಕೆ ಸ್ವಲ್ಪವೇ ತೋರಿಸಿ, ನಿಲ್ಲಿಸಿ, ಪಾಠ ಮಾಡುತ್ತಿದ್ದರು. ಹಾವು ನೀರಿನೊಳಗೆ ಉಸಿರು ಹಿಡಿದಿಡುವುದು ಹೇಗೆ ಎಂದು ವಿಜ್ಞಾನ. ನದಿ ಹರಿಯುವ ದಾರಿ ಬಿಡಿಸಿ ಭೂಗೋಳ. ಹಾವೇ ಮಾತಾಡಿದರೆ ಏನು ಹೇಳೀತು ಎಂದು ಕನ್ನಡ.

“ಅಜ್ಜೀ, ಆ ಸಾಂಪ್ ನಮ್ಮ ಲೋಕಲ್ ರೈಲಿನ ಮೂರು ಡಬ್ಬದಷ್ಟು ಉದ್ದ, ಪತಾ ಹೈ? ನಾವೇ ಹಿಸಾಬ್ ಮಾಡಿದ್ದು!” ಎಂದು ಯಕ್ಷಿತಾ ಕುಣಿಯುತ್ತಿದ್ದಳು. ಲೆಕ್ಕವೆಂದರೆ ಹೊಟ್ಟೆನೋವು ಎನ್ನುತ್ತಿದ್ದ ಹುಡುಗಿ.

ಶುಕ್ರವಾರ ಊಟಕ್ಕೆ ಕುಳಿತಾಗ ಹೇಳಿದಳು: “ಇವತ್ತು ಖತಮ್ ಅಜ್ಜಿ. ಕರೆಂಟಿನ ತಂತಿ ಹಾಕಿ ಕೊಂದರು. ಇಷ್ಟು ದೊಡ್ಡ ಹೆಡೆ ಬಿಚ್ಚಿ ಧಡಾಂ ಅಂತ ಬಿದ್ದು ಮರ್ ಗಯಾ.”

ಅನ್ನದೊಳಗೆ ನನ್ನ ಕೈ ನಿಂತಿತು. ಹೆಡೆ ಇದ್ದರೆ ಅದು ನಾಗ. ನಾನು ಚಿಕ್ಕವಳಿದ್ದಾಗ ಕಾರ್ಕಳದ ಹತ್ತಿರ ನಮ್ಮ ಮಾವ ಗದ್ದೆಯ ಬದುವಿನಲ್ಲಿ ಸತ್ತ ನಾಗನನ್ನು ಕಂಡರು. ಕಂಡವರೇ ದಹನ ಮಾಡಿಸಬೇಕು, ಮನುಷ್ಯರಿಗೆ ಮಾಡಿದ ಹಾಗೆ; ಇಲ್ಲದಿದ್ದರೆ ನಾಗದೋಷ ವಂಶಕ್ಕೇ ತಟ್ಟುತ್ತದೆ ಎನ್ನುತ್ತಾರೆ. ಗಂಧದ ಚೆಕ್ಕೆ, ತುಪ್ಪ, ಮನೆಗೆಲ್ಲ ಸೂತಕ. ಆ ತುಪ್ಪದ ಹೊಗೆ ಈಗಲೂ ನನ್ನ ಮೂಗಿನಲ್ಲಿದೆ.

ಬೆಳಿಗ್ಗೆಯೊಳಗೆ ವಿಷಯ ಮೋನಪ್ಪನಿಗೆ ಮುಟ್ಟಿತು. ಕ್ಯಾಂಟೀನಿನಲ್ಲಿ ಅಡುಗೆ ಮಾಡಿ ಮುದುಕನಾದ ಮನುಷ್ಯ, ನಮ್ಮ ಭಜನೆ ಮಂಡಳಿಗೆ ಯಜಮಾನ. ಅವನ ಮೊಮ್ಮಗನೂ ಅದೇ ಕ್ಲಾಸು. ಅವನು ಒಂದೇ ಮಾತು ಹೇಳಿದ: “ಮಕ್ಕಳು ನಾಗನ ಸಾವು ಕಂಡಿದ್ದಾರೆ. ಭಟ್ಟರು ಬಂದು ಶುದ್ಧ ಮಾಡುವವರೆಗೆ ಒಬ್ಬರೂ ಶಾಲೆಗೆ ಹೋಗುವುದು ಬೇಡ.” ಭಟ್ಟರು ಊರಿಗೆ ಹೋಗಿದ್ದರು, ಬರುವುದು ಮುಂದಿನ ವಾರ. ಸಾಹೇಬರು ಬರುವುದು ಸೋಮವಾರ.

ಭಾನುವಾರ ಸಂಜೆ ಶೈಲಾ ಟೀಚರ್ ಮೆಟ್ಟಿಲು ಹತ್ತಿ ಬಂದರು. ಬಸುರಿ ಹೆಂಗಸು, ಏದುಸಿರು ಬಿಡುತ್ತಿದ್ದರು. ಮೋನಪ್ಪನ ಖೋಲಿಯಲ್ಲಿ ನಾವೆಲ್ಲ ಸೇರಿದ್ದೆವು. ಯಾರೂ ಕೂರಿ ಎನ್ನಲಿಲ್ಲ. ನಾನೇ ಸ್ಟೂಲು ಸರಿಸಿದೆ.

“ಎಂತ ಟೀಚರ್, ಮಕ್ಕಳಿಗೆ ನಾಗನನ್ನು ಕೊಲ್ಲುವುದು ಕಲಿಸುವುದಾ?” ಎಂದ ಮೋನಪ್ಪ.

“ಅದು ಖರೇ ಹಾವಲ್ರೀ ಅಜ್ಜಾರ. ಕಂಪ್ಯೂಟರಿನ್ಯಾಗ ಮಾಡಿದ್ದು.”

“ಗೋಡೆಯ ದೇವರ ಪಟವೂ ಪ್ರೆಸ್ಸಿನಲ್ಲಿ ಮಾಡಿದ್ದು. ನಾನು ದಿನಾ ಕೈ ಮುಗಿಯುವುದಿಲ್ಲವಾ?”

ಟೀಚರ್ ಸೆರಗಿನಿಂದ ಮುಖ ಒರೆಸಿಕೊಂಡರು. “ನಮ್ಮ ಕಡೆ ಪಂಚಮಿಗೆ ಹುತ್ತಕ್ಕ ಹಾಲೆರಿತೀವ್ರಿ. ಆದ್ರ ಇದೆಲ್ಲಾ ಗೊತ್ತಿರ್ಲಿಲ್ರೀ. ನಾಳೆ ಹುಡುಗ್ರು ಬರ್ಲಿಲ್ಲಂದ್ರ ಕ್ಲಾಸ್ ಮುಚ್ಚತಾರ. ಒಮ್ಮೆ ಮುಚ್ಚಿದ್ರ ಮತ್ತ ತೆರೆಯಂಗಿಲ್ಲ.”

“ಮುಚ್ಚಲಿ. ಕ್ಲಾಸು ಹೋದರೆ ಇನ್ನೊಂದು ಸಿಕ್ಕೀತು, ವಂಶ ಹೋದರೆ?”

ಯಕ್ಷಿತಾ ನನ್ನ ಸೀರೆ ಹಿಡಿದು ನಿಂತಿದ್ದಳು. ಅವಳನ್ನು ಕಳಿಸುತ್ತೇನೆ ಎನ್ನಲು ನನಗೆ ಬಾಯಿ ಬರಲಿಲ್ಲ. ನನಗೂ ನಾಗನೆಂದರೆ ಹೆದರಿಕೆ.

ಟೀಚರ್ ನಿಧಾನಕ್ಕೆ ಕೇಳಿದರು: “ಕೊಂದವ್ರಿಗೆ ದೋಷ ಜಾಸ್ತಿಯೋ, ಕಂಡವ್ರಿಗೋ?”

“ಕೊಂದವರಿಗೆ. ಅದನ್ನು ಕೇಳಬೇಕಾ?”

“ಹಂಗಂದ್ರ ಹುಡುಗ್ರು ಕೊಂದಿಲ್ಲ, ತಾವಾಗೇ ಹೋಗಿ ಕಂಡೂ ಇಲ್ಲ. ತೋರ್ಸಿದಾಕಿ ನಾನು. ಎಲ್ಲಾರದ್ದೂ ನನ್ನ ಮ್ಯಾಲೆ ಹಾಕ್ರಿ. ದಾನ ಕೊಟ್ಟಂಗ ಕೈಮ್ಯಾಗ ನೀರು ಬಿಟ್ಟು ಕೊಡ್ರಿ, ತಗೋತೀನಿ.” ಎಂದವರೇ ಬಲಗೈ ಚಾಚಿದರು.

ನಾನು ಅಡ್ಡ ಬಂದೆ. “ಅಯ್ಯೋ ಟೀಚರ್, ನಿಮಗೆ ತಿಳಿಯದು. ಆ ದೋಷ ಹೊಟ್ಟೆಯಲ್ಲಿರುವ ಕೂಸಿಗೇ ತಟ್ಟುವುದು!”

ಅವರ ಇನ್ನೊಂದು ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು. ಆದರೆ ಚಾಚಿದ್ದನ್ನು ಹಿಂದೆ ತೆಗೆಯಲಿಲ್ಲ. “ನಾ ನಂಬಂಗಿಲ್ರೀ ಆಯಿ,” ಎಂದರು. ಹೆದರಿದ ದನಿ ಅದು, ನಂಬದವರ ದನಿಯಲ್ಲ.

ಮೋನಪ್ಪ ತಂಬಿಗೆ ಎತ್ತಿಕೊಂಡ. ನಾನು ಕಣ್ಣು ಮುಚ್ಚಿದೆ. ನೀರು ಬೀಳುವ ಸದ್ದು ಬರಲೇ ಇಲ್ಲ.

“ಕೈ ತೆಗೆ ಮಾರಾಯ್ತಿ!” ಎಂದು ಅವನು ಗದರಿದ. “ಬಸುರಿಯ ಮೇಲೆ ನಾಗದೋಷ ಹೊರಿಸಿದರೆ ನನಗೆ ನರಕದಲ್ಲೂ ಜಾಗ ಕೊಡುವವರಿಲ್ಲ.” ತಂಬಿಗೆಯ ನೀರನ್ನು ತನ್ನ ಅಂಗೈಗೇ ಬಿಟ್ಟುಕೊಂಡ, ತುಳುವಿನಲ್ಲಿ ನಾಗನನ್ನು ನೆನೆದು ಬಾಗಿಲ ಹೊರಗೆ ಚೆಲ್ಲಿದ. “ಇನ್ನು ಆ ದೋಷ ನನ್ನದು. ಹೇಗೂ ಹೋಗುವ ಜೀವ. ಭಟ್ಟರು ಬಂದ ಮೇಲೆ ಶುದ್ಧ ನಾನೇ ಮಾಡಿಸುತ್ತೇನೆ. ನಾಳೆ ಮಕ್ಕಳು ಹೋಗಲಿ.”

ಟೀಚರ್ ಸ್ಟೂಲಿನ ಮೇಲೆ ಕುಳಿತರು. “ಇನ್ನ ಮ್ಯಾಲೆ ಹಾವು ತೋರ್ಸಂಗಿಲ್ರೀ ಅಜ್ಜಾರ. ಮೊಸಳಿ ನಡೀತೈತೇನ್ರಿ?”

“ಮೊಸಳೆಯೂ ಬೇಡ. ನಮ್ಮ ಕಡೆ ಅದೂ ದೇವಸ್ಥಾನದ ಕೆರೆಯಲ್ಲಿ ಇರುವುದು.”

ಯಾರೋ ಕಿಸಕ್ಕೆಂದರು. ಮೋನಪ್ಪ ನಗಲಿಲ್ಲ.

ಸೋಮವಾರ ಬೆಂಚು ತುಂಬಿತ್ತು. ಸಾಹೇಬರು ಎಬ್ಬಿಸಿ ನಿಲ್ಲಿಸಿ ಕೇಳಿದ್ದಕ್ಕೆಲ್ಲ ಮಕ್ಕಳು ಹಾವನ್ನೇ ಮುಂದಿಟ್ಟುಕೊಂಡು ಉತ್ತರ ಹೇಳಿದರಂತೆ. ಈ ವರ್ಷಕ್ಕೆ ಕ್ಲಾಸು ಉಳಿಯಿತು.

ಆ ಸಂಜೆ ಮೋನಪ್ಪ ಸೂತಕ ಹಿಡಿದು, ಚಹಾ ಸಹ ಮುಟ್ಟದೆ, ಖೋಲಿಯ ಮುಂದಿನ ಗ್ಯಾಲರಿಯಲ್ಲಿ ಚಾಪೆ ಹಾಕಿ ಕುಳಿತಿದ್ದ. ಯಕ್ಷಿತಾಳನ್ನು ಕರೆದ. “ಆ ನಾಗ ನೀರಿನಿಂದ ಮೇಲೆ ಬಂದದ್ದು ಯಾಕೆ?”

“ಅಣೆಕಟ್ಟಿನ ಕೆಳಗೆ ಅದರ ಮೊಟ್ಟೆ ಇತ್ತು, ಅಜ್ಜ.”

“ಮೊಟ್ಟೆ ಏನಾಯಿತು?”

“ಪಿಕ್ಚರಿನಲ್ಲಿ ಇಲ್ಲ. ಟೀಚರ್ ಅದನ್ನೇ ಬರೆದು ತರಲು ಹೇಳಿದ್ದಾರೆ. ನನಗೆ ಕುಛ್ ಹೊಳೆಯುತ್ತಿಲ್ಲ.”

ಮೋನಪ್ಪ ಚಾಪೆಯಲ್ಲಿ ಪಕ್ಕಕ್ಕೆ ಸರಿದು ಜಾಗ ಮಾಡಿದ.

“ಪೆನ್ಸಿಲ್ ತಾ,” ಎಂದ. “ನಾನು ಹೇಳುತ್ತೇನೆ, ನೀನು ಬರಿ.”