ಗೈಡ್ ಪ್ರಭುಲಿಂಗನ ಲೋಜ್ಬಾನ್

ಬಾದಾಮಿಯ ಗುಹೆಗಳ ಕೆಳಗೆ ಆಟೋ ನಿಲ್ಲಿಸಿಕೊಂಡಿರುವ ಫೈಜಾನ, ಗೈಡ್ ಪ್ರಭುಲಿಂಗನನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ. "ಬಾರಲೇ ಕ್ಯಾಸೆಟ್ಟ" ಎನ್ನುತ್ತಾನೆ. ಅದರಲ್ಲಿ ಸುಳ್ಳೇನೂ ಇಲ್ಲ. ಹಿರಿಯ ಗೈಡುಗಳ ಬೆನ್ನಿಗೆ ಬಿದ್ದು, ಅವರ ಬಾಯಿಂದ ಬಂದದ್ದನ್ನು ಹಾಗೇ ಉರುಹೊಡೆದು ಕಸುಬು ಕಲಿತವನು ಪ್ರಭುಲಿಂಗ. ಫ್ರೆಂಚ್ ಬೇಕೇ, ಜರ್ಮನ್ ಬೇಕೇ, ಹದಿನೆಂಟು ಕೈಯ ನಟರಾಜನ ಕಥೆಯನ್ನು ಎಲ್ಲದರಲ್ಲೂ ಗಡಗಡ ಒಪ್ಪಿಸುತ್ತಾನೆ. ನಡುವೆ ಯಾರಾದರೂ ಏನಾದರೂ ಕೇಳಿದರೋ, ಮುಗಿಯಿತು. ಎಳೆ ತಪ್ಪಿ, ಮತ್ತೆ ಸ್ವಾಗತದಿಂದಲೇ ಶುರು ಮಾಡಬೇಕು.

ಹೋದ ಚಳಿಗಾಲ ಫ್ರೆಂಚ್ ಮುದುಕಿಯೊಬ್ಬಳು ಗುಹೆಯೊಳಗೆ ಅವನ ತೋಳು ಮುಟ್ಟಿ, ಗದ್ಗದ ದನಿಯಲ್ಲಿ ಏನೋ ಕೇಳಿದಳು. ಪ್ರಭುಲಿಂಗನಿಗೆ ಒಂದಕ್ಷರವೂ ತಿಳಿಯಲಿಲ್ಲ. ಬೇರೆ ದಾರಿ ಕಾಣದೆ ಸ್ವಾಗತದಿಂದ ಶುರು ಮಾಡಿದ. ಆಕೆ ಒಂದು ಗಳಿಗೆ ಅವನ ಮುಖ ನೋಡಿ, ತಲೆಯಾಡಿಸಿ ಮುಂದೆ ಹೋದಳು. ಅಂದಿನಿಂದ ಅವನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ದಿನವಿಡೀ ಬಾಯಿ ನೋಯುವಷ್ಟು ಮಾತಾಡುವ ತಾನು ಆ ಜನರ ಜೊತೆ ಒಂದು ದಿನವೂ ಮಾತಾಡಿಲ್ಲವಲ್ಲ! ಒಂದು ಪರಭಾಷೆಯಲ್ಲಾದರೂ, ಒಂದೇ ಸಲವಾದರೂ, ಕೇಳಿದ್ದಕ್ಕೆ ತನ್ನ ಸ್ವಂತ ಉತ್ತರ ಕೊಡಬೇಕು. ಇಲ್ಲವಾದರೆ ಈ ನಾಲಿಗೆ ಇದ್ದೂ ದಂಡ ಅನಿಸಿತು.

ಫ್ರೆಂಚ್ ಕಲಿಯಲು ಕೂತ. ತನ್ನ ಮಾತು ಕೇಳಿ ಆ ದೇಶದವರು ನಕ್ಕಾರೆಂಬ ಅಂಜಿಕೆಗೆ ಬಿಟ್ಟ. ಜರ್ಮನ್ನೂ ಅಷ್ಟೇ ದಿನ ಬಾಳಿತು. ಆಗ ಪುಣೆಯ ಹುಡುಗಿಯೊಬ್ಬಳು ಗುಹೆಯ ಮೆಟ್ಟಿಲ ಮೇಲೆ ಕೂತು, ಮೊಬೈಲ್ ನೋಡುತ್ತ ಏನೋ ಗುನುಗುತ್ತಿದ್ದಳು. ಯಾವ ದೇಶದ ಭಾಷೆ ಎಂದು ಕೇಳಿದರೆ, ಯಾವ ದೇಶದ್ದೂ ಅಲ್ಲ ಎಂದಳು. ಹೆಸರು ಲೋಜ್ಬಾನ್. ತರ್ಕ ಹಿಡಿದು ಕೂತು ಕಟ್ಟಿದ ಭಾಷೆಯಂತೆ. ಅದನ್ನಾಡುವವರೆಲ್ಲ ಒಂದಲ್ಲ ಒಂದು ದಿನ ಮೊದಲಿಂದ ಕಲಿತವರೇ. ಪ್ರಭುಲಿಂಗನ ಎದೆ ಹಗುರಾಯಿತು; ಪಾಠಗಳನ್ನು ಆಕೆಯಿಂದಲೇ ತನ್ನ ಮೊಬೈಲಿಗೆ ಹಾಕಿಸಿಕೊಂಡ.

"ಊರಾಗ ಯಾರಿಗೂ ಬರಲಾರದ ಭಾಷಾ ಕಲ್ತು ಯಾರ ಕೂಡ ಮಾತಾಡಾವ್ರು?" ರೊಟ್ಟಿ ಬಡಿಯುತ್ತಿದ್ದ ಹೆಂಡತಿ ದಾನಮ್ಮ ಕೇಳಿದಳು.

"ಅದಕ್ಕ ಕಲಿಯಾಕತ್ತೇನಿ. ತಪ್ಪಿದ್ರ ನಗಾವ್ರು ಯಾರೂ ಇಲ್ಲ."

"ನಗಾಕ ನಾ ಅದೀನಲ್ರಿ!"

ಹೋಗುವುದಕ್ಕೆ ಆ ಭಾಷೆಯಲ್ಲಿ 'ಕ್ಲಾಮಾ' ಎನ್ನುತ್ತಾರೆ. ಯಾರು, ಎಲ್ಲಿಗೆ, ಎಲ್ಲಿಂದ, ಯಾವ ದಾರಿ, ಯಾವ ಗಾಡಿ, ಎಲ್ಲಕ್ಕೂ ಸಾಲಾಗಿ ಜಾಗ ಕಾಯ್ದಿರಿಸಿದೆ. ಕೆರೂರ ಬಸ್ಸಿನಲ್ಲಿ ಕೂತು ಪ್ರಭುಲಿಂಗ ತನ್ನನ್ನು ಬಾದಾಮಿಯಿಂದ ಕೆರೂರಿಗೆ ಮತ್ತೆ ಮತ್ತೆ ಕ್ಲಾಮಾ ಮಾಡಿಸಿದ. ಮಂತ್ರ ಹೇಳುತ್ತಿದ್ದಾನೆಂದು ಪಕ್ಕದವರು ಜರುಗಿ ಕೂತರು.

ಹೊಸಬರಿಗಾಗಿ ಭಾನುವಾರ ಮಧ್ಯಾಹ್ನ ಫೋನಿನಲ್ಲೇ ಸೇರುವ ಮಾತಿನ ಕೂಟವೊಂದನ್ನು ಪುಣೆಯ ಹುಡುಗಿ ತಿಳಿಸಿದ್ದಳು. ದಿನ ಹತ್ತಿರ ಬಂದಂತೆ ಪ್ರಭುಲಿಂಗನಿಗೆ ಅನ್ನ ಸೇರದಾಯಿತು. ಕೊನೆಗೆ ಅಂಜಿಕೆ ತಾಳಲಾರದೆ ತನಗೆ ಗೊತ್ತಿದ್ದ ಕೆಲಸವನ್ನೇ ಮಾಡಿದ: ಸ್ವಾಗತ, ಗುಹೆ, ನಟರಾಜ ಎಲ್ಲವನ್ನೂ ಲೋಜ್ಬಾನ್‌ನಲ್ಲಿ ಜೋಡಿಸಿ ಉರುಹೊಡೆದ. ಕಲಿತ ಕಸುಬು ಅಷ್ಟು ಸುಲಭಕ್ಕೆ ಬಿಡುತ್ತದೆಯೇ!

ಕೂಟದಲ್ಲಿ ಅವನ ಸರದಿ ಬಂತು. "ಶೋಯ್ ರೋದೋ" ಎಂದು ಎಲ್ಲರಿಗೂ ನಮಸ್ಕಾರ ಹೇಳಿ ಬಾಯಿಪಾಠ ಹರಿಯಬಿಟ್ಟ. ನಡುವೆ ಒಂದು ಹೆಣ್ಣುದನಿ ತಡೆಯಿತು. "ದೋ ನೆಲ್ಶಿ ಮಾ?" ನಿನಗೇನು ಇಷ್ಟ? ಪ್ರತಿ ಪದವೂ ಅವನಿಗೆ ತಿಳಿದಿತ್ತು. ಆದರೂ ಹಾಳು ಬಾಯಿ "ಶೋಯ್ ರೋದೋ" ಎಂದು ಮೊದಲಿಂದ ಶುರು ಮಾಡಿತು.

ಪ್ರಭುಲಿಂಗ ನಾಚಿ ನೀರಾದ. ಬೆರಳು ಫೋನ್ ಕಟ್ ಮಾಡಲು ಹೋಯಿತು. ಆದರೆ ಆ ಕಡೆ ಯಾರೂ ನಗಲಿಲ್ಲ, ಬಿಟ್ಟು ಮುಂದೆ ಹೋಗಲೂ ಇಲ್ಲ. ಆಕೆ ಮತ್ತೆ ನಿಧಾನವಾಗಿ ಅದನ್ನೇ ಕೇಳಿದಳು.

ಅವನು ಎದ್ದ, ಕೂತ, ಮತ್ತೆ ಎದ್ದ. ಬಂದವರಿಗೆಲ್ಲ ಏನು ನೋಡಬೇಕೆಂದು ತೋರಿಸಿದವನಿಗೆ ನಿನಗೇನು ಇಷ್ಟ ಎಂದು ಯಾರೂ ಕೇಳಿರಲಿಲ್ಲ. ನಟರಾಜ ಎನ್ನಬಹುದಿತ್ತು, ಅದು ಬಾಯಿಪಾಠದ ಮಾತು. ಗುಹೆಗಳ ಎದುರಿಗೆ ಅಗಸ್ತ್ಯ ತೀರ್ಥದ ಕೆರೆಯಿದೆ. ಬೆಳಗ್ಗೆ ಹೆಂಗಸರು ಅಲ್ಲಿ ಬಟ್ಟೆ ಒಗೆಯುವ ಸದ್ದು ಬಂಡೆಗೆ ಬಡಿದು ಮರಳುತ್ತದೆ. ಕೆಲಸಕ್ಕೆ ಹತ್ತುವ ಮೊದಲು ಅವನು ಅಲ್ಲಿ ಒಂದಿಷ್ಟು ಹೊತ್ತು ನಿಲ್ಲುತ್ತಾನೆ. ಅಷ್ಟನ್ನೆಲ್ಲ ಹೇಳಲು ಅವನ ಹತ್ತಿರ ಶಬ್ದ ಎಲ್ಲಿದ್ದವು?

"ಮಿ... ನೆಲ್ಶಿ... ಲೋ ಜಾಶು," ಎಂದ. ನನಗೆ ನೀರು ಇಷ್ಟ.

ಯಾಕೆ, ಎಂದಳು ಆಕೆ.

"ಮಿ ನಾ ಜುನೋ." ಗೊತ್ತಿಲ್ಲ. ಗೈಡ್ ಆದಮೇಲೆ, ಪ್ರಶ್ನೆ ಕೇಳಿದವರ ಮುಂದೆ ಅವನು ಎಂದೂ ಆಡದ ಮಾತದು. ಆಕೆ ನಕ್ಕಳು. ಅವನಿಗೂ ನಗು ತಡೆಯಲಾಗಲಿಲ್ಲ.

ದಾನಮ್ಮ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. "ಯಾಕ್ರೀ, ಒಬ್ಬರೇ ನಗಾಕತ್ತೀರಿ? ಏನಂದ್ರು ಅವ್ರು?"

"ಏನಿಲ್ಲ," ಎಂದ ಪ್ರಭುಲಿಂಗ. "ಮಾತಾಡಿದ್ವಿ."