ಮಂಜಿನೊಳಗೆ ಕೇಳಿದ ಬಡಿತ

ಓದಿದವರು ನಗುತ್ತಾರೆ ಎಂದು ಗೊತ್ತಿದ್ದೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ. ದೆವ್ವ ಕಂಡೆ ಎಂದು ಬಂದವರನ್ನು "ಚಾ ಕುಡಿಸಿ ಕಳಿಸಿದ್ರೋ ಇಲ್ಲೋ?" ಎಂದು ಕಾಡಿಸಿದವನು ನಾನು. ಕೋಗಳಿಯ ನಮ್ಮ ಸೋದರತ್ತೆ, ಮಟಮಟ ಮಧ್ಯಾಹ್ನ ಹುಣಸೆಮರದ ಕೆಳಗೆ ಹೋಗಬೇಡ ಎಂದಾಗ ಬೇಕೆಂದೇ ಅಲ್ಲಿ ಚಾಪೆ ಹಾಸಿ ಮಲಗಿದ್ದೆ. ಇರುವೆ ಕಡಿದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಇಂಥವನಿಗೆ ಕೆಲವು ವರ್ಷಗಳ ಹಿಂದೆ ತುಂಗಭದ್ರೆಯ ಹಿನ್ನೀರಿನ ನಡುವೆ ಒಂದು ಅನುಭವವಾಯಿತು.

ಮೊದಲು ನನ್ನ ಉದ್ಯೋಗ ಹೇಳಬೇಕು. ಹಗರಿಬೊಮ್ಮನಹಳ್ಳಿಯಲ್ಲಿ ನನ್ನದೊಂದು ಸಣ್ಣ ಐಸ್ ಫ್ಯಾಕ್ಟರಿ. ನಮ್ಮದು ಲಿಂಗ ಕಟ್ಟಿಕೊಂಡ ಮನೆತನ, ಮೀನು ಮೂಸಿಯೂ ನೋಡಿದವರಲ್ಲ. ಆದರೂ ನಮ್ಮ ಅನ್ನ ಬರುವುದು ಮೀನಿನಿಂದಲೇ. ಹಿನ್ನೀರಿನಲ್ಲಿ ಹಿಡಿದ ಮೀನು ನನ್ನ ಐಸಿನ ಮೇಲೆ ಮಲಗಿ ಕೊಟ್ಟೂರು, ಹರಪನಹಳ್ಳಿ ಸಂತೆಗಳಿಗೆ ಹೋಗುತ್ತದೆ. ಹೆಂಡತಿ ಇವತ್ತಿಗೂ ನನ್ನ ಅಂಗಿಗಳನ್ನು ಬೇರೆ ಬಕೆಟ್ಟಿನಲ್ಲೇ ನೆನೆಹಾಕುತ್ತಾಳೆ.

ಹಿನ್ನೀರು ತುಂಬಿದಾಗ ಅಲ್ಲಿಯ ಗುಡ್ಡವೊಂದು ನಡುಗಡ್ಡೆಯಾಗುತ್ತದೆ. ಬೇಸಿಗೆಯಲ್ಲಿ ಕುರಿ ಮೇಯುವ ಜಾಗಕ್ಕೆ ಮಳೆಗಾಲದಲ್ಲಿ ಹರಿಗೋಲಿನಲ್ಲಿ ಹೋಗಬೇಕು. ನೀರು ಇಳಿಯುವವರೆಗೆ ಕೆಲವು ಬೆಸ್ತರ ಕುಟುಂಬಗಳು ಅಲ್ಲಿ ತಾಡಪಾಲಿನ ಗುಡಿಸಲು ಹಾಕಿಕೊಂಡು ಇರುತ್ತವೆ. ಕರೆಂಟಿಲ್ಲ, ಅಂಗಡಿಯಿಲ್ಲ. ಸಂಜೆ ಬಲೆ ಬಿಟ್ಟು ನಸುಕಿನಲ್ಲಿ ಎತ್ತುತ್ತಾರೆ. ಗಂಡ ಬಲೆ ಎಳೆದರೆ ಹೆಂಡತಿ ಹುಟ್ಟು ಹಾಕುತ್ತಾಳೆ.

ಅಲ್ಲಿಯ ದುರುಗಪ್ಪ ನನ್ನ ಹಳೆಯ ಗಿರಾಕಿ. ಅವನ ಹೆಂಡತಿ ಹುಲಿಗೆಮ್ಮನಿಗೆ ಆ ಬಾಳು ಸಾಕಾಗಿತ್ತು. ಹೊಟ್ಟೆಯಲ್ಲಿದ್ದ ಕೂಸು ಗುಡ್ಡದ ಮೇಲೆ ಬೆಳೆಯಬಾರದು, ಊರಿನಲ್ಲಿ ಬಾಡಿಗೆ ಮನೆ ಹಿಡಿದು ಮೀನು ಕರಿದು ಮಾರೋಣ ಎಂಬುದು ಅವಳ ಹಟ. ದುರುಗಪ್ಪನದು ಒಂದೇ ಮಾತು: "ಐಸ್ ಬಂದೈತಿ, ಇನ್ನ ನಮ್ಮ ಕಾಲ ಬರತೈತಿ ನೋಡು." ನನ್ನ ಐಸಿನ ಮೇಲೆ ಅಷ್ಟು ಭರವಸೆ ನನಗೇ ಇರಲಿಲ್ಲ.

ಆ ಜನರಲ್ಲಿ ಒಂದು ಪದ್ಧತಿಯಿದೆ. ನೀರಿನ ಮೇಲೆ ಯಾರೂ ಯಾರನ್ನೂ ಹೆಸರು ಹಿಡಿದು ಕೂಗುವುದಿಲ್ಲ. ಹೆಸರು ಕೇಳಿದರೆ ನೀರು ಅದನ್ನು ನೆನಪಿಟ್ಟುಕೊಳ್ಳುತ್ತದಂತೆ. ಅದಕ್ಕೇ ಹುಟ್ಟಿನ ಹಿಡಿಯಿಂದ ಹರಿಗೋಲಿನ ಅಂಚಿಗೆ ಬಡಿದು ತಮ್ಮವರನ್ನು ತಾವಿದ್ದ ಕಡೆಗೆ ಕರೆಯುತ್ತಾರೆ. ಒಂದೊಂದು ಮನೆಗೆ ಒಂದೊಂದು ಬಡಿತ. ದುರುಗಪ್ಪನ ಮನೆಯದು ಎರಡು ಬೇಗ ಬೇಗ, ತುಸು ತಡೆದು ಒಂದು. ಒಬ್ಬರ ಬಡಿತವನ್ನು ಇನ್ನೊಬ್ಬರು ಬಡಿದರೆ ಜಗಳವೇ ಆಗುತ್ತದೆ.

ಚಳಿಗಾಲದ ಒಂದು ದಿನ ಐಸ್ ಪೆಟ್ಟಿಗೆ ತೆಗೆದುಕೊಂಡು ನಾನೇ ಗುಡ್ಡಕ್ಕೆ ಹೋಗಿದ್ದೆ. ಉಳಿದ ಮನೆಗಳವರೆಲ್ಲ ಮದುವೆಗೆಂದು ಹರಪನಹಳ್ಳಿ ಕಡೆಯ ಅರಸೀಕೆರೆಗೆ ಹೋಗಿದ್ದರು. ಗುಡ್ಡದ ಮೇಲೆ ಇದ್ದದ್ದು ದುರುಗಪ್ಪ, ಹುಲಿಗೆಮ್ಮ ಮತ್ತು ಅವನ ತಾಯಿ ದ್ಯಾಮವ್ವ ಮಾತ್ರ. ಸಂಜೆ ಜೋರು ಗಾಳಿ ಎದ್ದಿತು. "ಇವತ್ತ ಇಲ್ಲೇ ಇರ್ರಿ ಸಾವ್ಕಾರ್ರ, ಗಾಳಿ ಛಲೋ ಇಲ್ಲ," ಎಂದ ದುರುಗಪ್ಪ. ಉಳಿದುಕೊಂಡೆ.

ಬೆಳಕು ಹರಿಯುವ ಹೊತ್ತಿಗೆ ಹುಲಿಗೆಮ್ಮನ ನರಳಾಟ ಕೇಳಿ ಎದ್ದೆ. ದಿನ ತುಂಬಿರಲಿಲ್ಲ. ಬಾಣಂತನಕ್ಕೆ ಹಿರೇಹಡಗಲಿಯ ತವರಿಗೆ ಹೋಗುವ ತಯಾರಿಯಲ್ಲಿದ್ದಳು. ದ್ಯಾಮವ್ವ ಸೊಸೆಯ ಹೊಟ್ಟೆ ಮುಟ್ಟಿ ನೋಡಿ ಮಗನ ಕಡೆ ತಿರುಗಿದಳು. "ಕೂಸು ಅಡ್ಡ ಐತೋ ಯಪ್ಪಾ. ಇದು ನನ್ನ ಕೈಲಿ ಆಗಂಗಿಲ್ಲ, ದವಾಖಾನಿಗೆ ಒಯ್ಯಬೇಕು." ಗುಡ್ಡದ ನೆತ್ತಿಯಲ್ಲಿ ಮಾತ್ರ ಸಿಗ್ನಲ್ ಸಿಗುತ್ತದೆ. ದುರುಗಪ್ಪ ಓಡಿ ಹತ್ತಿ ಆಂಬ್ಯುಲೆನ್ಸಿಗೆ ಫೋನ್ ಮಾಡಿ, ನಾವು ದಿನಾ ಇಳಿಯುವ ದಡಕ್ಕೆ ಬರಲು ಹೇಳಿದ. ಅವನದು ಬಟನ್ ಫೋನು. ದಾರಿ ತೋರಿಸಬಲ್ಲ ನನ್ನ ದೊಡ್ಡ ಫೋನು ಚಾರ್ಜು ಮುಗಿದು ಸತ್ತಿತ್ತು.

ಗಾಳಿ ಪೂರ್ತಿ ನಿಂತಿತ್ತು. ಆದರೆ ಮಂಜು ಎಂದರೆ ಎಂಥ ಮಂಜು! ಒಂದು ಮಾರಿನ ಆಚೆಗೆ ಏನೂ ಕಾಣುತ್ತಿರಲಿಲ್ಲ. ನಾಲ್ವರೂ ಹರಿಗೋಲು ಹತ್ತಿದೆವು. ದುರುಗಪ್ಪ ಅಂದಾಜಿನ ಮೇಲೆ ಹುಟ್ಟು ಹಾಕತೊಡಗಿದ. ಸ್ವಲ್ಪ ದೂರ ಹೋಗಿರಬೇಕು, ನೀರಿನಲ್ಲಿ ಮುಳುಗಿದ್ದ ಜಾಲಿಮರದ ಟೊಂಗೆಗೆ ಹರಿಗೋಲು ತಾಗಿತು. ಅವನು ಗಾಬರಿಯಿಂದ ಹುಟ್ಟಿನಲ್ಲಿ ಜೋರಾಗಿ ನೂಕಿಬಿಟ್ಟ. ಹರಿಗೋಲು ಗರಗರ ತಿರುಗಿತು. ದೋಣಿಯಾದರೆ ಮೂತಿ ನೋಡಿ ದಿಕ್ಕು ಹೇಳಬಹುದು. ಬುಟ್ಟಿಯ ಹಾಗೆ ಗುಂಡಗಿರುವ ಹರಿಗೋಲಿಗೆ ಮುಂದೂ ಇಲ್ಲ, ಹಿಂದೂ ಇಲ್ಲ. ಅದು ನಿಂತಾಗ ದಡ ಯಾವ ಕಡೆ, ಗುಡ್ಡ ಯಾವ ಕಡೆ ಎಂಬುದು ಯಾರಿಗೂ ತಿಳಿಯಲಿಲ್ಲ.

ಹಿನ್ನೀರು ಎಷ್ಟು ಅಗಲವಿದೆ ಎಂದು ಬಲ್ಲವರಿಗೆ ನಮ್ಮ ಸ್ಥಿತಿ ಅರ್ಥವಾದೀತು. ತಪ್ಪು ದಿಕ್ಕಿಗೆ ಹೊರಟರೆ ಮಧ್ಯಾಹ್ನದವರೆಗೆ ನೀರಿನ ಮೇಲೆಯೇ. ಹುಲಿಗೆಮ್ಮನಿಗೆ ಅಷ್ಟು ಸಮಯವಿರಲಿಲ್ಲ. ಅವಳು ನನ್ನ ಕೈ ಹಿಡಿದುಕೊಂಡಿದ್ದಳು, ಉಗುರು ನಾಟಿ ರಕ್ತ ಬಂದಿತ್ತು. ದುರುಗಪ್ಪ ಎರಡೂ ಕೈಯಲ್ಲಿ ಹುಟ್ಟು ಹಿಡಿದು ಸುಮ್ಮನೆ ಕೂತಿದ್ದ.

ಆಗ ಕೇಳಿಸಿತು. ಟಕ್ ಟಕ್. ತುಸು ತಡೆದು, ಟಕ್.

ದುರುಗಪ್ಪ ಥಟ್ಟನೆ ಆ ಕಡೆ ತಿರುಗಿದ. "ನಮ್ಮನಿ ಬಡಿತ ಐತ್ರಿ ಅದು," ಎಂದ. ಆ ಮನೆಯವರೆಲ್ಲ ಹರಿಗೋಲಿನಲ್ಲೇ ಇದ್ದರು. ಮತ್ತೆ ಕೇಳಿತು, ಅದೇ ಲೆಕ್ಕ, ಒಂದೇ ಕಡೆಯಿಂದ.

"ಹೋಗಬ್ಯಾಡೋ," ದ್ಯಾಮವ್ವ ಮಗನ ತೋಳು ಹಿಡಿದಳು. "ನಮ್ಮ ಬಡಿತ ಕದ್ದು ಕರಿಯಾಕತ್ತೈತಿ ಅದು. ಏನೈತೋ ಏನೋ."

ಅದಕ್ಕೆ ಉತ್ತರ ಕೊಟ್ಟವಳು ಹುಲಿಗೆಮ್ಮ. ಹಲ್ಲು ಕಚ್ಚಿಕೊಂಡೇ ಹೇಳಿದಳು: "ಅತ್ತಿ, ಇಲ್ಲೇ ಕುಂತ್ರೂ ಸಾಯ್ತೀನಿ. ಕರದಾರ ಅಂದ್ಮ್ಯಾಲೆ ಹೋಗೂಣು." ಗಂಡನ ಕಡೆ ತಿರುಗಿ, "ಹಾಕ್ರಿ ಹುಟ್ಟು!" ಎಂದು ಗದರಿದಳು.

ದುರುಗಪ್ಪ ಹಾಕಿದ. ಅಬ್ಬಾ, ಹೇಗೆ ಹಾಕಿದ! ಹರಿಗೋಲು ಹಾರಿದ ಹಾಗಾಯಿತು. ನಾವು ಎಡಕ್ಕೆ ವಾಲಿದರೆ ಬಡಿತ ಬಲದಲ್ಲಿ ಕೇಳುತ್ತಿತ್ತು, ಸರಿಮಾಡಿಕೊಂಡರೆ ನೇರ ಎದುರಿಗೆ ಬರುತ್ತಿತ್ತು. ನಾನು "ಬಲಕ್ಕ! ಬಲಕ್ಕ!" ಎಂದು ಕಿರುಚುತ್ತಿದ್ದೆ. ಹೆದರಿಕೆ ಎಲ್ಲಿ ಹೋಯಿತೋ, ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಹರಿಗೋಲಿನ ತಳ ಮಣ್ಣಿಗೆ ಉಜ್ಜಿದಾಗ ಬಡಿತ ನಿಂತಿತು.

ದಡದಲ್ಲಿ ಮಂಜು ತುಸು ತೆಳುವಾಗಿತ್ತು. ಅದು ನಾವು ದಿನಾ ಇಳಿಯುವ ದಡವಲ್ಲ, ಯಾವುದೋ ಜೋಳದ ಕೂಳೆಯ ಹೊಲ. ಹರಿಗೋಲಿಲ್ಲ, ಮನುಷ್ಯರಿಲ್ಲ, ಬಡಿಯಲು ಒಂದು ತುಂಡು ಕಟ್ಟಿಗೆಯೂ ಇಲ್ಲ. ಕೆಟ್ಟೆವು ಎಂದುಕೊಂಡೆ. ಅಷ್ಟರಲ್ಲಿ ಹೊಲದ ಬದಿಯ ಬಂಡಿದಾರಿಯಲ್ಲಿ ಕೆಂಪು ನೀಲಿ ದೀಪ ಮಿನುಗಿತು. ಡ್ರೈವರ್ ಸ್ಟ್ರೆಚರ್ ಹಿಡಿದು ಓಡಿಬಂದ. "ನಿಮ್ಮ ದಂಡಿಗೆ ಹೋಗೋ ದಾರಿ ಪೂರಾ ಕೆಸರು, ಗಾಡಿ ಹೋಗಲಿಲ್ರಿ. ಏನ್ ಮಾಡ್ಲಿ ಅಂತ ನಿಂತಿದ್ದೆ. ನೀವು ಬಡಿಯೋದು ಕೇಳಿ ಈ ಕಡಿ ತಿರುಗಿಸಿದೆ," ಎಂದ.

ನಾವು ಒಂದು ಸಲವೂ ಬಡಿದಿರಲಿಲ್ಲ.

ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಕೂಸು ತೆಗೆದರು. ಹೆಣ್ಣು ಮಗು, ಅಳು ಹೊರಗಿನ ಬೆಂಚಿನವರೆಗೆ ಕೇಳಿತು. ದ್ಯಾಮವ್ವ ನನ್ನನ್ನು ತಬ್ಬಿಕೊಂಡು ಅತ್ತಳು. ನಾನೂ ನಾಚಿಕೆಯಿಲ್ಲದೆ ಅತ್ತೆ.

ಆಮೇಲೆ ನನ್ನ ಬುದ್ಧಿಗೆ ತೋಚಿದ್ದನ್ನೆಲ್ಲ ಯೋಚಿಸಿದ್ದೇನೆ. ಮರಕುಟಿಗವೇ? ಅದಕ್ಕೆ ಆ ಲೆಕ್ಕ ಯಾರು ಕಲಿಸಿದರು? ಟೊಂಗೆಗೆ ಟೊಂಗೆ ಬಡಿಯಿತೆನ್ನಲು ಗಾಳಿಯಿರಲಿಲ್ಲ. ಪ್ರತಿಧ್ವನಿಯಾಗಲು ಮೊದಲ ಧ್ವನಿಯೇ ಇರಲಿಲ್ಲ. ನಾವು ಹೆದರಿದ್ದೆವು, ಭ್ರಮೆ ಎಂದುಕೊಳ್ಳೋಣ. ದಡದ ಮೇಲಿದ್ದ ಡ್ರೈವರಿಗೆ ಯಾವ ಭ್ರಮೆ?

ಹುಲಿಗೆಮ್ಮ ಹಟ ಗೆದ್ದಳು. ಈಗ ಹಗರಿಬೊಮ್ಮನಹಳ್ಳಿಯಲ್ಲಿ ಮನೆ ಹಿಡಿದು ಸಂಜೆ ಮೀನು ಕರಿಯುತ್ತಾಳೆ, ಮಗಳು ಅಂಗನವಾಡಿಗೆ ಹೋಗುತ್ತಾಳೆ. ದುರುಗಪ್ಪ ನೀರು ಬಿಡಲಿಲ್ಲ, ಊರಿನಿಂದಲೇ ದಿನಾ ಹೋಗಿ ಬರುತ್ತಾನೆ. ಮಂಜು ಬಿದ್ದ ದಿನ ಅವನದೊಂದು ಹೊಸ ಕೆಲಸ. ಹರಿಗೋಲು ನೀರಿಗಿಳಿಸುವ ಮೊದಲು ಖಾಲಿ ನೀರಿನ ಕಡೆ ಮುಖಮಾಡಿ ತನ್ನ ಮನೆಯ ಬಡಿತ ಬಡಿಯುತ್ತಾ ನಿಲ್ಲುತ್ತಾನೆ. "ಯಾರನ್ನ ಕರಿಯಾಕತ್ತೀಯಲೇ?" ಎಂದು ಒಮ್ಮೆ ಕೇಳಿದೆ. "ಗೊತ್ತಿಲ್ರಿ ಸಾವ್ಕಾರ್ರ. ಮಂಜಿನೊಳಗ ಯಾರರ ಸಿಕ್ಕೊಂಡಿದ್ರ?" ಎಂದ.

ಈ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಐಸ್ ಇಳಿಸಲು ದಡಕ್ಕೆ ಹೋದೆ. ಕಣ್ಣು ಕಟ್ಟಿದಂಥ ಮಂಜು. ದುರುಗಪ್ಪ ಊರಿನಿಂದ ಇನ್ನೂ ಬಂದಿರಲಿಲ್ಲ. ಸ್ವಲ್ಪ ಹೊತ್ತು ಅತ್ತಿತ್ತ ಅಡ್ಡಾಡಿದೆ. ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ದಡದಲ್ಲಿದ್ದ ಅವನ ಹರಿಗೋಲಿನಿಂದ ಹುಟ್ಟು ಎತ್ತಿಕೊಂಡೆ, ಮಂಜು ಕರಗುವವರೆಗೂ ಅವನ ಮನೆಯ ಬಡಿತವನ್ನೇ ಬಡಿದೆ.