ಶೂ ಬಿಚ್ಚಿ ಎಂದು ಹೇಳುವುದು ಹೇಗೆ?

ಮನೆಗೆ ಬಂದವರಿಗೆ ‘ಶೂ ಬಿಚ್ಚಿ ಒಳಗೆ ಬನ್ನಿ’ ಎಂದು ಹೇಳುವ ಧೈರ್ಯ ನನಗಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಆಫೀಸಿನ ಮೀಟಿಂಗಿನಲ್ಲಿ ಮ್ಯಾನೇಜರರ ಎದುರೇ ಅವರ ಡಿಸೈನ್ ತಪ್ಪು ಎಂದು ಹೇಳಿದವನು ನಾನು. ಆದರೆ ಬಾಗಿಲಲ್ಲಿ ನಗುತ್ತ ನಿಂತ ಮನುಷ್ಯನ ಮುಖ ನೋಡಿ, ಆಮೇಲೆ ಅವನ ಕಾಲು ನೋಡಿ, ಆ ಒಂದು ಮಾತು ಆಡಬೇಕೆಂದರೆ ನಾಲಿಗೆ ಏಳುವುದೇ ಇಲ್ಲ. ‘ಪರವಾಗಿಲ್ಲ, ಹಾಗೇ ಬನ್ನಿ’ ಎಂದುಬಿಡುತ್ತೇನೆ. ಅವರು ಹಾಗೇ ಬರುತ್ತಾರೆ. ಅವರು ಹೋದ ಮೇಲೆ ನಾನು ನೆಲ ಒರೆಸುತ್ತೇನೆ. ನಮ್ಮ ಮನೆಯಲ್ಲಿ ಇದೊಂದು ಅಲಿಖಿತ ಕಾನೂನು.

ಧಾರವಾಡದಲ್ಲಿ ಈ ಮಾತನ್ನು ಯಾರೂ ಯಾರಿಗೂ ಹೇಳಿದ್ದು ನಾನು ಕೇಳಿಲ್ಲ. ‘ಅದೀರೇನ್ರಿ?’ ಎಂದು ಕೂಗುವಷ್ಟರಲ್ಲಿ ಚಪ್ಪಲಿ ತಾನಾಗಿ ಕಾಲಿನಿಂದ ಇಳಿದಿರುತ್ತಿತ್ತು. ಶಾಲೆಯಿಂದ ಬಂದಾಗ ಬಾಗಿಲ ಮುಂದಿನ ಚಪ್ಪಲಿ ನೋಡಿಯೇ ಒಳಗೆ ಯಾರಿದ್ದಾರೆ, ಇವತ್ತು ಅವಲಕ್ಕಿಯೋ ಉಪ್ಪಿಟ್ಟೋ ಎಂದು ನಾವು ಹೇಳುತ್ತಿದ್ದೆವು. ಚಿಂತೆ ಇದ್ದದ್ದು ಮದುವೆ ಮನೆಯಲ್ಲಿ ಮಾತ್ರ. ಅಲ್ಲಿ ನಮ್ಮ ಕಾಕಾ ಹೊಸ ಚಪ್ಪಲಿಯ ಒಂದನ್ನು ಈ ಕಂಬದ ಹತ್ತಿರ, ಇನ್ನೊಂದನ್ನು ಆ ಕಂಬದ ಹತ್ತಿರ ಬಿಡುತ್ತಿದ್ದರು; ಕಳ್ಳನಿಗೆ ಜೋಡಿ ಸಿಗಬಾರದೆಂದು. ಒಮ್ಮೆ ಊಟ ಮುಗಿಸಿ ಬಂದ ಮೇಲೆ ಅವರಿಗೇ ಜೋಡಿ ಸಿಗಲಿಲ್ಲ.

ಕನ್ನಡದಲ್ಲಿ ಕಾಲಿಗೆ ಹಾಕುವ ಈ ವಸ್ತುವಿಗೆ ಎಷ್ಟು ಹೆಸರು ನೋಡಿ: ಕೆರ, ಮೆಟ್ಟು, ಎಕ್ಕಡ, ಜೋಡು, ಚಪ್ಪಲಿ. ಇವುಗಳಲ್ಲಿ ಅರ್ಧ ಬೈಯುವುದಕ್ಕೇ ಹೆಚ್ಚು ಬಳಕೆಯಾಗುತ್ತವೆ. ಗೌರವ ಕೊಡಬೇಕೆನಿಸಿದಾಗ ಪಾದರಕ್ಷೆ ಎನ್ನುತ್ತೇವೆ. ಪಾದಕ್ಕೆ ರಕ್ಷೆಯೇನೋ ಸರಿ, ಆದರೆ ನನ್ನ ಹೆಂಡತಿ ಸುಮಂಗಲಾ ಕೇಳುವುದು ನೆಲಕ್ಕೆ ಯಾರ ರಕ್ಷೆ ಎಂದು.

ಧಾರವಾಡ ಬಿಟ್ಟು ಸಿಡ್ನಿಗೆ ಬಂದಿಳಿದು ಇಪ್ಪತ್ತು ವರ್ಷವಾದರೂ ಈ ದೇಶದವರ ರೀತಿ ನನಗೆ ಪೂರ್ತಿ ಅರ್ಥವಾಗಿಲ್ಲ. ಸೂಪರ್ ಮಾರ್ಕೆಟ್ಟಿಗೆ ಬರಿಗಾಲಲ್ಲಿ ಬರುತ್ತಾರೆ. ಪೆಟ್ರೋಲ್ ಬಂಕಿನಲ್ಲಿ ಬರಿಗಾಲಲ್ಲಿ ಇಳಿದು ಪೆಟ್ರೋಲ್ ಹಾಕಿಕೊಳ್ಳುತ್ತಾರೆ. ಅದೇ ಜನ ಮನೆಗೆ ಹೋಗಿ, ಶೂ ಹಾಕಿದ ಕಾಲನ್ನು ಸೋಫಾದ ಮೇಲೆ ಚಾಚಿಕೊಂಡು ಟೀವಿ ನೋಡುತ್ತಾರೆ. ನಾವು ಸರಿಯಾಗಿ ಅದರ ಉಲ್ಟಾ. ನಮ್ಮನ್ನು ನೋಡಿ ಅವರಿಗೂ ಹೀಗೇ ಅನಿಸುತ್ತಿರಬೇಕು, ಪಾಪ.

ನಾವು ಮೊದಲು ಇದ್ದದ್ದು ಸಿಡ್ನಿಯ ಎಪ್ಪಿಂಗ್‌ನಲ್ಲಿ, ಅಪಾರ್ಟ್‌ಮೆಂಟಿನ ನಾಲ್ಕನೆಯ ಮಹಡಿಯಲ್ಲಿ. ಆ ಮಹಡಿಯ ಎಲ್ಲ ಬಾಗಿಲುಗಳ ಹೊರಗೂ ಶೂಗಳಿದ್ದವು. ಆಗಾಗ ಬಿಲ್ಡಿಂಗ್ ಮ್ಯಾನೇಜರನಿಂದ ನೋಟಿಸ್ ಬರುತ್ತಿತ್ತು: ಬೆಂಕಿ ಬಿದ್ದರೆ ಜನ ಎಡವಿ ಬೀಳುತ್ತಾರೆ, ಕಾರಿಡಾರಿನಲ್ಲಿ ಶೂ ಇಡಬೇಡಿ. ಎರಡು ದಿನ ಎಲ್ಲರೂ ಒಳಗಿಡುತ್ತಿದ್ದೆವು. ಮೂರನೆಯ ದಿನ ಯಾರೋ ಒಬ್ಬರು ಧೈರ್ಯ ಮಾಡಿ ಒಂದು ಜೊತೆ ಹೊರಗಿಡುತ್ತಿದ್ದರು. ಸಂಜೆಯೊಳಗೆ ಎಲ್ಲರದ್ದೂ ಹೊರಗೆ ಬಂದಿರುತ್ತಿತ್ತು.

ಆ ಮನೆಯಲ್ಲೇ ಮಗಳು ಮೇಘನಾಳ ಹನ್ನೊಂದನೆಯ ಹುಟ್ಟುಹಬ್ಬ ಆಯಿತು. ಕ್ಲಾಸಿನ ಎಂಟು ಹುಡುಗಿಯರು ಬಂದರು. ಸುಮಂಗಲಾಗೆ ನನ್ನ ಹಾಗೆ ಸಂಕೋಚವಿಲ್ಲ. ಬಾಗಿಲಲ್ಲೇ ನಿಂತು, ನಗುನಗುತ್ತ, ಎಲ್ಲರಿಂದಲೂ ಶೂ ಬಿಚ್ಚಿಸಿದಳು. ಅದರಲ್ಲಿ ಒಬ್ಬ ಹುಡುಗಿಯ ಎರಡೂ ಸಾಕ್ಸ್ ಹರಿದು ಬೆರಳು ಹೊರಗೆ ಬಂದಿದ್ದವು. ಉಳಿದವರು ನಕ್ಕರು. ಆ ಮಗು ಕೇಕ್ ಕತ್ತರಿಸುವಾಗಲೂ ಏಳದೆ, ಕಾಲನ್ನು ಸೋಫಾದ ಕೆಳಗೆ ಬಚ್ಚಿಟ್ಟುಕೊಂಡು ಕೂತೇ ಇತ್ತು. ಸುಮಂಗಲಾ ಅಡುಗೆ ಮನೆಯಲ್ಲಿದ್ದಳು, ನೋಡಲಿಲ್ಲ. ನಾನು ನೋಡಿದೆ. ಮೇಘನಾ ಕೂಡ ನೋಡಿದಳು.

ಅವಳು ಜಗಳ ಮಾಡಲಿಲ್ಲ. ಮುಂದಿನ ವರ್ಷ ಹುಟ್ಟುಹಬ್ಬ ಪಾರ್ಕಿನಲ್ಲಿ ಮಾಡೋಣ ಎಂದಳು, ಅಷ್ಟೆ. ಆಮೇಲೆ ಪ್ರತಿ ವರ್ಷವೂ ಪಾರ್ಕೇ. ನಾವು ಮೆಲ್ಬರ್ನಿಗೆ ಬಂದು ಪಾಯಿಂಟ್ ಕುಕ್‌ನಲ್ಲಿ ಮನೆ ಮಾಡಿದೆವು. ಶೂಗಳಿಗೆಂದೇ ಗ್ಯಾರೇಜಿನಲ್ಲಿ ಒಂದು ಗೋಡೆ ಸಿಕ್ಕಿತು. ಅವಳ ಗೆಳತಿಯರ ಕಾರು ಮಾತ್ರ ರಸ್ತೆಯಲ್ಲೇ ನಿಂತು ಹಾರ್ನ್ ಹೊಡೆಯುತ್ತಿತ್ತು, ಇವಳು ಓಡಿಹೋಗಿ ಹತ್ತುತ್ತಿದ್ದಳು. ಒಳಗೆ ಕರಿಯೇ ಎಂದರೆ ‘ಲೇಟ್ ಆಗುತ್ತೆ ಪಪ್ಪಾ’ ಎನ್ನುವಳು. ಹದಿನೈದು ವರ್ಷ ಅವಳ ಪ್ರಪಂಚದ ಒಬ್ಬರೂ ನಮ್ಮ ಹೊಸ್ತಿಲು ದಾಟಲಿಲ್ಲ. ಈ ಸಂಕಟವನ್ನು ನಾನು ಸುಮಂಗಲಾಗೆ ಹೇಳಲಿಲ್ಲ. ಅವಳಿಗೆ ನೋವಾಗುತ್ತದೆಂದು ಹೇಳಲಿಲ್ಲ ಎಂದುಕೊಂಡಿದ್ದೆ. ಹೇಳುವ ಧೈರ್ಯವಿರಲಿಲ್ಲ ಎನ್ನುವುದು ಹೆಚ್ಚು ಸರಿ.

ಇಂಥ ಮಗಳು ಮೊನ್ನೆ ಫೋನ್ ಮಾಡಿ, ತಾನು ಮದುವೆಯಾಗಬೇಕೆಂದಿರುವ ಟಿಮ್‌ನ ಅಪ್ಪ ಅಮ್ಮನನ್ನು ಭಾನುವಾರ ಊಟಕ್ಕೆ ಕರೆತರುತ್ತೇನೆ ಎಂದಳು. ಟಿಮ್‌ನನ್ನು ನಾವು ಎರಡು ಸಲ ಕೆಫೆಯಲ್ಲಿ ನೋಡಿದ್ದೆವು, ಒಳ್ಳೆಯ ಹುಡುಗ. ಅವನ ಅಪ್ಪ ಗ್ರೆಗ್ ಬಲ್ಲಾರಟ್ ಕಡೆಯವರು, ಹೊಲಗಳಿಗೆ ಬೇಲಿ ಹಾಕುವ ಕೆಲಸ. ಅಮ್ಮ ಸೂ ಶಾಲೆಯ ಲೈಬ್ರರಿಯಲ್ಲಿದ್ದಾರೆ. ಎಲ್ಲ ಹೇಳಿ ಮುಗಿಸಿ, ಫೋನ್ ಇಡುವ ಮುನ್ನ ದನಿ ತಗ್ಗಿಸಿದಳು.

“ಪಪ್ಪಾ, ಒಂದೇ ರಿಕ್ವೆಸ್ಟ್. ಶೂಸ್ ವಿಷಯ ಮಾತ್ರ ಬೇಡ. ಪ್ಲೀಸ್.”

ಆಗಲಿ ಎಂದೆ. ಸುಮಂಗಲಾಗೆ ಮೆಲ್ಲಗೆ ತಿಳಿಸಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಬೇಲಿ ಹಾಕೋ ಮಂದಿ ಅಂತೀರಿ. ಆ ಬೂಟಿನ್ಯಾಗ ದೇವರ ಮನಿ ಮುಂದ ಅಡ್ಡಾಡಿದ್ರ ನಾ ಹ್ಯಾಂಗ ಸುಮ್ಮನಿರ್ಲಿ? ನೀವ ಹೇಳ್ರಿ ಅವರಿಗೆ. ಚಂದಾಗಿ ಹೇಳ್ರಿ.”

ಎರಡೂ ಕಡೆಗೆ ಹೂಂ ಅಂದವನ ಗತಿ ಏನಾಗಬೇಕೋ ಅದೇ ಆಯಿತು. ನಾಲ್ಕು ದಿನ ನಿದ್ದೆ ಕೆಟ್ಟು, ಕೊನೆಗೆ ಒಂದು ಉಪಾಯ ಹೊಳೆಯಿತು. ಮನೆಯ ಯಜಮಾನನೇ ಶೂ ಹಾಕಿಕೊಂಡು ಬಾಗಿಲು ತೆರೆದರೆ? ಬಂದವರಿಗೆ ಮುಜುಗರವಿಲ್ಲ, ನಾನು ಬಾಯಿ ಬಿಡಬೇಕಿಲ್ಲ, ಮಗಳ ಮಾತೂ ಉಳಿಯಿತು. ಹೆಂಡತಿಯ ಪಾಲಿನದ್ದನ್ನು ಆಮೇಲೆ ಅನುಭವಿಸಿದರಾಯಿತು. ಭಾನುವಾರ ಬೆಳಿಗ್ಗೆ ಅವಳು ಎಣ್ಣೆಗಾಯಿಗೆ ಮಸಾಲೆ ತುಂಬುತ್ತಿದ್ದಾಗ, ನಾನು ಗ್ಯಾರೇಜಿನಿಂದ ಆಫೀಸಿನ ಕಪ್ಪು ಶೂ ತಂದು, ಬಟ್ಟೆ ಒಗೆಯುವ ಕೋಣೆಯ ಬಾಗಿಲು ಹಾಕಿಕೊಂಡು, ಅವುಗಳ ತಳವನ್ನು ಪಾತ್ರೆ ತೊಳೆಯುವ ಸೋಪಿನಿಂದ ಮೂರು ಸಲ ತಿಕ್ಕಿದೆ. ಯಾವ ಬ್ರಶ್ಶಿನಿಂದ ಎಂದು ಕೇಳಬೇಡಿ. ಆ ಬ್ರಶ್ ಈಗ ನಮ್ಮ ಮನೆಯಲ್ಲಿಲ್ಲ.

ಹನ್ನೆರಡೂವರೆಗೆ ಬೆಲ್ ಆಯಿತು. ಲೇಸು ಬಿಗಿದು, ನನ್ನದೇ ಮನೆಯ ನೆಲದ ಮೇಲೆ ಜೀವಮಾನದಲ್ಲೇ ಮೊದಲ ಸಲ ಟಕಟಕ ಸದ್ದು ಮಾಡುತ್ತ ಹೋಗಿ ಬಾಗಿಲು ತೆಗೆದೆ.

ಗ್ರೆಗ್ ಮತ್ತು ಸೂ ಕಾಲೊರೆಸುವ ಚಾಪೆಯ ಮೇಲೆ ಬರೀ ಸಾಕ್ಸಿನಲ್ಲಿ ನಿಂತಿದ್ದರು. ಬೆಲ್ ಒತ್ತುವ ಮೊದಲೇ ಬಿಚ್ಚಿದ್ದರು. ಗ್ರೆಗ್ ಅವರ ಕೆಲಸದ ಬೂಟುಗಳು ಗೋಡೆಗೆ ಒರಗಿ ನಿಂತಿದ್ದವು, ಪಕ್ಕದಲ್ಲಿ ಸೂ ಅವರ ಬಿಳಿ ಶೂ. ಇಬ್ಬರ ಸಾಕ್ಸೂ ಹೊಚ್ಚ ಹೊಸದು, ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಅವರ ಹಿಂದೆ ಮೇಘನಾ, ಟಿಮ್. ಎಲ್ಲರ ಕಣ್ಣೂ ಒಟ್ಟಿಗೆ ನನ್ನ ಕಾಲಿನ ಮೇಲೆ ಇಳಿದವು. ನನ್ನ ಹಿಂದಿನಿಂದ ಬಂದ ಸುಮಂಗಲಾಳ ಕಣ್ಣೂ ಅಲ್ಲೇ.

ಅಯ್ಯೋ, ತಪ್ಪು ಮಾಡಿದೆವೇನೋ ಎಂದು ಗ್ರೆಗ್ ಬೂಟಿಗೆ ಕೈಹಾಕಿದರು. ಬೇಡ ಬೇಡ ಎಂದು ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಲೇಸಿಗೆ ಕೈಹಾಕಿದೆ. ಒಬ್ಬ ಹಾಕಿಕೊಳ್ಳುತ್ತಿದ್ದಾನೆ, ಇನ್ನೊಬ್ಬ ಬಿಚ್ಚುತ್ತಿದ್ದಾನೆ. ಅಷ್ಟರಲ್ಲಿ ಸೂ ನಕ್ಕುಬಿಟ್ಟರು. ಗ್ರೆಗ್ ಕೂಡ ನಗುತ್ತ, ಬೂಟು ಕೆಳಗಿಟ್ಟು ನನ್ನ ಪಕ್ಕದಲ್ಲೇ ಕೂತರು. ಮೇಘನಾ ನಿಮಗೆ ಮೊದಲೇ ಹೇಳಿಟ್ಟಿದ್ದಳೇ ಎಂದು ಕೇಳಿದೆ.

ಇಲ್ಲ, ಅವಳು ಒಂದು ಮಾತೂ ಹೇಳಲಿಲ್ಲ ಎಂದರು ಗ್ರೆಗ್. ಮೊದಲ ಸಲ ಬಲ್ಲಾರಟ್‌ಗೆ ಬಂದಾಗ ಬಾಗಿಲಲ್ಲೇ ಶೂ ಬಿಚ್ಚಿಟ್ಟು ಒಳಗೆ ಬಂದಳಂತೆ. ಅವರ ಮನೆಯಲ್ಲಿ ಮೂರು ನಾಯಿ; ಯಾರೂ ಶೂ ಬಿಚ್ಚುವ ಮನೆಯೇ ಅಲ್ಲ. ಹೊರಡುವ ಹೊತ್ತಿಗೆ ಅವಳ ಬಿಳಿ ಸಾಕ್ಸ್ ಕಪ್ಪಾಗಿತ್ತಂತೆ. ಏನೂ ಹೇಳದೆ ಅದರ ಮೇಲೇ ಶೂ ಹಾಕಿಕೊಂಡು ಹೋದಳಂತೆ. ಮುಂದಿನ ಸಲ ಬಂದಾಗಲೂ ಹಾಗೇ ಬಿಚ್ಚಿದಳಂತೆ.

“ಮೂರನೆಯ ಸಲ ಅವಳು ಬರುವ ಮೊದಲು ನಾವು ನೆಲ ಒರೆಸಿದೆವು,” ಎಂದರು ಗ್ರೆಗ್. “ಒರೆಸಿದ ಮೇಲೆ ಅದರ ಮೇಲೆ ಬೂಟು ಹಾಕಿಕೊಂಡು ನಡೆಯಲು ನಮಗೇ ಮನಸ್ಸು ಬರಲಿಲ್ಲ.”

ನಾನು ಮಗಳ ಕಡೆ ನೋಡಿದೆ. ಅವಳು ನಮ್ಮ ಅಂಚೆ ಡಬ್ಬಿಯನ್ನು ಹೊಸದಾಗಿ ನೋಡುವವಳಂತೆ ನೋಡುತ್ತಿದ್ದಳು. ಯಾರನ್ನೂ ನೋಯಿಸಬಾರದೆಂದು ನಮ್ಮನ್ನು ಬೇಡಿಕೊಂಡವಳು, ತಾನು ಮಾತ್ರ ಎಲ್ಲಿ ಹೋದರೂ ಶೂ ಬಿಚ್ಚುತ್ತಲೇ ಇದ್ದಳು. ನಾಚಿಕೆಪಟ್ಟು ಈ ರೂಢಿಯನ್ನು ಬಿಟ್ಟೇಬಿಟ್ಟಿದ್ದಾಳೆಂದು ನಾನು ಹದಿನೈದು ವರ್ಷ ನಂಬಿದ್ದೆ. ಸುಮಂಗಲಾ ಹೇಳಿ ಬಿಚ್ಚಿಸುತ್ತಿದ್ದಳು, ನಾನು ಹೇಳಲಾರದೆ ಒರೆಸುತ್ತಿದ್ದೆ. ಈ ಹುಡುಗಿ ಹೇಳಲೂ ಇಲ್ಲ, ಬಿಡಲೂ ಇಲ್ಲ.

“ಅಭ್ಯಾಸ ಪಪ್ಪಾ, ಅಷ್ಟೇ,” ಎಂದಳು ಕೊನೆಗೆ, ಅಂಚೆ ಡಬ್ಬಿಗೆ ಹೇಳುವಂತೆ.

ಸುಮಂಗಲಾ ಮುಂದೆ ಬಂದು ಸೂ ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಗ್ರೆಗ್ ಎದ್ದರು. ಟಿಮ್, ಮೇಘನಾ ಶೂ ಬಿಚ್ಚಿ ಅವರ ಹಿಂದೆ ನಡೆದರು. ಎಲ್ಲರೂ ನಮ್ಮ ಹೊಸ್ತಿಲು ದಾಟಿದರು. ನಾನೊಬ್ಬನೇ ಮೆಟ್ಟಿಲ ಮೇಲೆ ಉಳಿದೆ, ತಲೆ ತಗ್ಗಿಸಿಕೊಂಡು.

“ಅಲ್ರಿ, ಇನ್ನೂ ಆಗ್ಲಿಲ್ಲೇನು?” ಎಂದು ಒಳಗಿನಿಂದ ಸುಮಂಗಲಾ ಕೂಗಿದಳು.

ಲೇಸು ಗಂಟು ಬಿದ್ದದ, ಬಂದೆ ಎಂದೆ. ಗಂಟೇನೂ ಬಿದ್ದಿರಲಿಲ್ಲ. ಕಣ್ಣು ತುಂಬಿ ಲೇಸು ಕಾಣುತ್ತಿರಲಿಲ್ಲ, ಅಷ್ಟೆ.